ಸಾಹುಕಾರನಿಗೆ ಹಚ್ಚಿದ ಮುಲಾಮು

ಔಷಧಿಯಿಂದ ಗುಣವಾಯಿತು ಎಂದು ಯಾರಾದರೂ ಹೇಳಿದರೆ ಕೇಳುವವರು ‘ಒಳ್ಳೇದಾತು ಬಿಡ್ರಿ’ ಎಂದು ಬೇರೆ ಮಾತಿಗೆ ಹೋಗುತ್ತಾರೆ. ಅದೇ ಔಷಧಿಯಿಂದ ರಿಯಾಕ್ಷನ್ ಆಯಿತು ಎನ್ನಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂಡುತ್ತಾರೆ. ಬಳ್ಳಾರಿಯಲ್ಲಿ ನಾನು ಬೆಳೆಯುವ ಹೊತ್ತಿಗೆ ಈ ಪದ ಇಂಗ್ಲಿಷ್ ಬಾರದ ಮನೆಗಳಲ್ಲೂ ಮರ್ಯಾದೆಯಿಂದ ಓಡಾಡಿಕೊಂಡಿತ್ತು. ನಮ್ಮ ಬೀದಿಯ ಹಿರಿಯರೊಬ್ಬರಿಗೆ ಯಾವುದೋ ಇಂಜೆಕ್ಷನ್ನಿನಿಂದ ಒಮ್ಮೆ ಮೈತುಂಬ ದದ್ದು ಎದ್ದಿದ್ದವು. ಅವರು ಕಾಶಿಗೆ ಹೋಗಿ ಬಂದ ಸುದ್ದಿಯನ್ನು ಯಾರೂ ಕೇಳಲಿಲ್ಲ; ದದ್ದಿನ ಕಥೆಯನ್ನು ಮಾತ್ರ ಮದುವೆ ಮನೆಯಲ್ಲಿ, ತೊಟ್ಟಿಲ ಕಾರ್ಯದಲ್ಲಿ ಜನ ಸುತ್ತ ಕೂತು ಹೇಳಿಸುತ್ತಿದ್ದರು. ನನ್ನ ಹತ್ತಿರವೂ ಅಂಥದೊಂದು ಕಥೆಯಿದೆ. ಅದನ್ನು ನಾನಾಗಿ ಯಾರಿಗೂ ಹೇಳಿಲ್ಲ, ಹೇಳುವ ಸ್ವಭಾವವೂ ನನ್ನದಲ್ಲ. ಆದರೆ ನಮ್ಮ ನೆಂಟರಿಷ್ಟರು ಅದನ್ನು ಹೇಳಿ ಹೇಳಿ, ಪ್ರತಿ ಸಲವೂ ಅದರೊಳಗಿನ ನಾನು ಇನ್ನೂ ಸ್ವಲ್ಪ ಪೆದ್ದಿಯಾಗುತ್ತ ಬಂದಿದ್ದೇನೆ. ನಿಜಕ್ಕೂ ಎಷ್ಟು ಪೆದ್ದಿಯಾಗಿದ್ದೆನೋ ಅಷ್ಟನ್ನೇ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಬರೆದಿಡುವುದು ವಾಸಿ ಎನಿಸಿದೆ.

ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದಿದವಳು. ಓದಿದ್ದು ನಾನಾದರೂ ಓದಿಸಿದವರು ಕುರುಗೋಡಿನ ನಮ್ಮ ಅತ್ತೆ, ಅಪ್ಪನ ಅಕ್ಕ. ಅಪ್ಪನಿಗೆ ಅದು ಇಷ್ಟವಿರಲಿಲ್ಲ. ‘ಹೆಣ್ಣುಹುಡುಗಿ ಕಪ್ಪಿ ಕೊಯ್ಯೋದು ಕಲ್ತು ಏನು ಮಾಡ್ಬೇಕಾಗೇತಿ?’ ಎಂದು ಕೇಳಿದ್ದರು. ಅತ್ತೆ ಮೊದಲ ಬಸ್ಸಿಗೇ ಬಂದು ಪಡಸಾಲೆಯಲ್ಲಿ ಕೂತು, ‘ಆಕಿ ಏನಾರ ಮಾಡ್ಲಿ, ಓದ್ಲಿ. ನೀ ಲೆಕ್ಕಪತ್ರ ಓದಿ ಏನು ಕಡದು ಗುಡ್ಡಿ ಹಾಕಿದಿ?’ ಎಂದರು. ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಹಾಗೆ ನಾನು ಧಾರವಾಡಕ್ಕೆ ಹೋದೆ, ಓದು ಮುಗಿಸಿ ಬಂದೆ, ಬಳ್ಳಾರಿಯಲ್ಲೇ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪ್ರಯೋಗಶಾಲೆಯ ಕೆಲಸಕ್ಕೆ ಸೇರಿದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನನಗೆ ಪರಿಚಯವಿದ್ದ ಪ್ರಾಣಿಗಳೆಲ್ಲ ಫಾರ್ಮಲಿನ್ ಜಾಡಿಯಲ್ಲಿ ಇದ್ದವು. ಕಪ್ಪೆ, ಜಿರಲೆ, ಎರೆಹುಳು, ಒಂದು ಸಣ್ಣ ಶಾರ್ಕ್ ಮೀನು, ಇವುಗಳ ಒಳಗಿನ ಸಮಾಚಾರವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಜೀವಂತವಾಗಿ, ಹೊರಗಿನಿಂದ ನಾನು ಬಲ್ಲ ಪ್ರಾಣಿಯೆಂದರೆ ಎದುರು ಮನೆಯ ಎಮ್ಮೆ ಒಂದೇ, ಅದಕ್ಕೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಈ ಸಂಗತಿ ಅತ್ತೆಗೆ ತಿಳಿದಿರಲಿಲ್ಲ. ತಿಳಿಸುವ ಸಂದರ್ಭವೂ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಪಾರ್ವತಿನಗರದ ನಮ್ಮ ಮನೆಗೆ ಮುಚ್ಚಳವಿದ್ದ ಬಿದಿರು ಬುಟ್ಟಿಯೊಂದನ್ನು ಹೊತ್ತು ತಂದರು. ಒಳಗೆ ಹಳೆಯ ಸೀರೆಯ ತುಂಡಿನ ಮೇಲೆ ಒಂದು ಮುಳ್ಳಿಲಿ ಮಲಗಿತ್ತು. ಮುಳ್ಳುಹಂದಿ ಎಂದುಕೊಳ್ಳಬೇಡಿ, ಅದು ನಾಯಿಯನ್ನೂ ಓಡಿಸುವಂಥದು. ಇದು ಎರಡು ಅಂಗೈಯಲ್ಲಿ ಹಿಡಿಸುವ ಜೀವ: ಇಲಿಯ ಮೂತಿ, ಅಗಲ ಕಿವಿ, ಬೆನ್ನ ತುಂಬ ಗಿಡ್ಡ ಮುಳ್ಳು. ಮುಟ್ಟಿದರೆ ಸುತ್ತಿಕೊಂಡು ಉಂಡೆಯಾಗುತ್ತದೆ. ಕುರುಗೋಡಿನ ಗುಡ್ಡದ ಬುಡದಲ್ಲಿ, ಶೇಂಗಾ ಬಳ್ಳಿಯ ಬಣವೆ ಕೆಳಗೆ ಮರಿಯಾಗಿ ಸಿಕ್ಕಿದ್ದನ್ನು ಅತ್ತೆ ಸಾಕಿದ್ದರು. ಹಗಲೆಲ್ಲ ಮಲಗುತ್ತದೆ, ದೀಪ ಹಚ್ಚಿದ ಮೇಲೆ ಎದ್ದು ಮನೆಯನ್ನೊಂದು ಸುತ್ತು ತಿರುಗಿ ಎಲ್ಲದಕ್ಕೂ ಮೂಗು ಮುರಿಯುತ್ತದೆ, ಯಾವ ಕೆಲಸವನ್ನೂ ಮಾಡುವುದಿಲ್ಲ. ಆದ್ದರಿಂದ ಅತ್ತೆ ಅದಕ್ಕೆ ಸಾಹುಕಾರ ಎಂದು ಹೆಸರಿಟ್ಟಿದ್ದರು.

‘ಶ್ರೀಶೈಲಕ್ಕ ಹೊಂಟೀನಿ. ಬರೂತನಕ ಸಾವ್ಕಾರನ್ನ ನೀ ನೋಡ್ಕೋ ಗಿರಿಜಿ’ ಎಂದರು ಅತ್ತೆ.

‘ಅತ್ತಿ, ನನಗ ಇದರ ಬಗ್ಗೆ…’

‘ನಿನಗಲ್ದ ಇನ್ಯಾರಿಗಿ ಗೊತ್ತಿರ್ತೈತಿ? ಓಣಿ ಮಂದಿ ಎಲ್ಲಾ ನಮ್ಮನ್ಯಾಗ ಬಿಡ್ರಿ ಅಂದ್ರು. ನಾ ಒಲ್ಲೆ ಅಂದೆ. ನಮ್ಮ ಗಿರಿಜಿ ಪ್ರಾಣೀನ ಓದಿದಾಕಿ ಅದಾಳ, ನೀವು ಸುಮ್ನಿರ್ರಿ ಅಂದೆ. ಹೆಂಗ ಕೊಟ್ಟೀನಿ ಹಂಗ ವಾಪಸ್ ಕೊಡು, ಅಷ್ಟ ಸಾಕು.’

ಬುಟ್ಟಿಯೊಳಗೆ ಸಾಹುಕಾರನ ಮಗ್ಗುಲಲ್ಲಿ ನನ್ನ ಎಂ.ಎಸ್ಸಿ.ಯೂ ಕೂತಿದೆ ಎಂದು ನನಗೆ ಆಗಲೇ ಅನಿಸಿತು. ಇಡೀ ಬಳಗದಲ್ಲಿ ನನ್ನ ಓದಿನ ಮೇಲೆ ನಂಬಿಕೆಯಿಟ್ಟವರು ಅವರೊಬ್ಬರೇ. ಈ ಪ್ರಾಣಿಗೇನಾದರೂ ಆದರೆ ಆ ಒಂದು ಓಟೂ ಹೋಗುತ್ತಿತ್ತು.

ಅವ್ವ ಮೊದಲು ಮುಖ ಸಿಂಡರಿಸಿ, ‘ಅಡಿಗಿಮನಿ ಹೊಸ್ತಿಲ ದಾಟಬಾರ್ದು ನೋಡು’ ಎಂದಳು. ಸಾಹುಕಾರ ಅಂದೇ ದಾಟಿದ. ನಮ್ಮ ಅಡಿಗೆಮನೆಯಲ್ಲಿ ಕಟ್ಟೆಯ ಕೆಳಗಿನ ಡಬ್ಬಿಗಳ ಹಿಂದೆ ಜಿರಲೆಗಳು ತಲತಲಾಂತರದಿಂದ ಬಾಳಿಕೊಂಡಿದ್ದವು. ಎರಡು ದಿನ ಕಳೆಯುವುದರೊಳಗೆ ಅವುಗಳ ಸದ್ದಡಗಿತು. ನಮ್ಮದು ಮೊಟ್ಟೆಯ ಹೆಸರನ್ನೂ ಎತ್ತದ ಶೈವರ ಮನೆ. ಅವ್ವ ಯೋಚಿಸಿ ಒಂದು ದಾರಿ ಕಂಡುಕೊಂಡಳು: ಸಾಹುಕಾರ ಅಡಿಗೆಮನೆಗೆ ಬಂದಾಗ ತಾನು ಗೋಡೆಯ ಕಡೆ ತಿರುಗಿ ಕೂಡುವುದು. ‘ಅವ ಏನು ತಿಂತಾನೋ ಬಿಡ್ತಾನೋ, ನಾ ಅಂತೂ ನೋಡಿಲ್ಲವ್ವ’ ಎನ್ನುತ್ತ ಅವನ ಬಟ್ಟಲಿಗೆ ಹಾಲು ಹಾಕುತ್ತಿದ್ದಳು.

ಎಲ್ಲ ಸರಿಯಾಗಿಯೇ ನಡೆದಿತ್ತು. ಒಂದು ದಿನ ಕಸ ಗುಡಿಸುವಾಗ ಪೊರಕೆಯಲ್ಲಿ ಮುಳ್ಳು ಸಿಕ್ಕವು. ಮರುದಿನವೂ ಸಿಕ್ಕವು. ಸಾಹುಕಾರ ಹಿಂಗಾಲಿನಿಂದ ಕಿವಿಯ ಹಿಂದೆ ಕೆರೆದುಕೊಳ್ಳುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರುತ್ತಿದ್ದರು. ನಾನು ಓದಿದವಳು. ಕೂದಲಿರುವ ಪ್ರಾಣಿಗೆ ಕಜ್ಜಿಯಾಗುತ್ತದೆ, ಮುಳ್ಳೂ ಒಂದು ಬಗೆಯ ಕೂದಲೇ, ಆದ್ದರಿಂದ ಇದು ಕಜ್ಜಿ ಎಂದು ಮೂರು ಮೆಟ್ಟಿಲಲ್ಲಿ ತೀರ್ಮಾನಕ್ಕೆ ಬಂದೆ. ಬುಟ್ಟಿ ಎತ್ತಿಕೊಂಡು ದನದ ಆಸ್ಪತ್ರೆಗೆ ನಡೆದೆ.

ಅಲ್ಲಿ ಎತ್ತು, ಎಮ್ಮೆ, ಕುರಿಗಳ ಸಾಲು. ಜನರೆದುರು ಬುಟ್ಟಿ ತೆರೆಯಲು ನನಗೆ ಸಂಕೋಚ. ಸಂಗನಕಲ್ಲಿನಿಂದ ಎತ್ತು ಹೊಡೆದುಕೊಂಡು ಬಂದಿದ್ದ ರೈತನೊಬ್ಬ ವಿಚಾರಣೆ ಶುರು ಮಾಡಿದ.

‘ಬುಟ್ಟ್ಯಾಗ ಕೋಳಿ ಏನಬೇ ಅಕ್ಕಾ?’

‘ಅಲ್ಲ.’

‘ಮೊಲ?’

‘ಅಲ್ಲ.’

ಅವನು ಸ್ವಲ್ಪ ಹೊತ್ತು ಬುಟ್ಟಿಯನ್ನೇ ನೋಡಿ, ಪಕ್ಕದವನಿಗೆ, ‘ಹೇಳಾಕ ಒಲ್ಲೆ ಅಂತಾಳಂದ್ರ ಹಾವಿರಬೇಕಲೇ’ ಎಂದ. ಸಾಲು ಎರಡಾಗಿ ಸೀಳಿ ನನಗೆ ದಾರಿ ಬಿಟ್ಟಿತು. ಬಾಯಿ ಬಿಗಿಹಿಡಿದಿದ್ದರಿಂದ ಜೀವನದಲ್ಲಿ ನನಗೆ ಲಾಭವಾದದ್ದು ಅದೊಂದೇ ಸಲ.

ಡಾಕ್ಟರು ಆದೋನಿ ಕಡೆಯವರು, ಕನ್ನಡದ ನಡುವೆ ತೆಲುಗು ತಾನಾಗಿ ಬರುತ್ತಿತ್ತು. ಸಿರುಗುಪ್ಪದ ಗದ್ದೆಗಳ ನಡುವೆ ಬಹಳ ಕಾಲ ಎಮ್ಮೆಗಳಿಗೆ ಮದ್ದು ಕೊಟ್ಟು ಆಗಷ್ಟೇ ಬಳ್ಳಾರಿಗೆ ಬಂದಿದ್ದರು. ಮುಚ್ಚಳ ತೆರೆದು ಒಳಗೆ ನೋಡಿದರು.

‘ತಲೆ ಯಾವ ಕಡೆ ಇದೆಯಂಡಿ?’

‘ಒಳಗೆ ಮುಚ್ಚಿಕೊಂಡಿದೆ.’

‘ಬಾಲ?’

‘ಅದೂ ಒಳಗಿದೆ.’

ಡಾಕ್ಟರು ಕೈಯಲ್ಲಿದ್ದ ಥರ್ಮಾಮೀಟರನ್ನು ಒಮ್ಮೆ ನೋಡಿ, ಸಾಹುಕಾರನನ್ನು ಒಮ್ಮೆ ನೋಡಿ, ಅದನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ಕಿಟಕಿಯಲ್ಲಿ ಇಣುಕುತ್ತಿದ್ದ ಸಂಗನಕಲ್ಲಿನವನು, ‘ಒಳಗ ಪ್ರಾಣಿ ಐತೋ ಇಲ್ಲೋ, ಮೊದ್ಲ ಅದನ್ನ ನೋಡ್ರಿ ಡಾಕ್ಟರ’ ಎಂದ. ಡಾಕ್ಟರು ನನ್ನ ಓದಿನ ವಿಚಾರ ಕೇಳಿದರು. ಹೇಳಿದೆ. ಅವರ ಮುಖ ಅರಳಿತು. ‘ಹಾಗಾದ್ರೆ ನೀವೇ ಹೇಳಿ ಮೇಡಂ, ಏನಾಗಿದೆ ಇದಕ್ಕೆ?’ ಎಂದರು. ಕಜ್ಜಿ ಎಂದೆ. ‘ಕರೆಕ್ಟ್. ನನಗೂ ಹಾಗೇ ಅನ್ನಿಸ್ತು’ ಎಂದರು. ಏನೂ ತಿಳಿಯದ ಇಬ್ಬರು ಪದವೀಧರರು ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪುವುದರಲ್ಲಿ ಎಷ್ಟೊಂದು ನೆಮ್ಮದಿಯಿದೆ ಎಂಬುದು ನನಗೆ ಅಂದು ಅನುಭವಕ್ಕೆ ಬಂತು.

ಅವರು ಕುರಿಯ ಕಜ್ಜಿಗೆ ಹಚ್ಚುವ ಮುಲಾಮು ಕೊಟ್ಟರು. ಗಂಧಕ, ಡಾಂಬರು, ಹೊಂಗೆಎಣ್ಣೆ ಮೂರೂ ಕೂಡಿ ಜಗಳವಾಡಿದಂಥ ವಾಸನೆ. ಕುರಿಗಾದರೆ ನಿಂಬೆಹಣ್ಣಿನಷ್ಟು, ಇದಕ್ಕೆ ಕಡಲೆಕಾಳಿನಷ್ಟು ಸಾಕು ಎಂದರು. ಎಷ್ಟು ದೊಡ್ಡ ಕಡಲೆ ಎಂದು ಕೇಳಿದೆ. ‘ಸಾಧಾರಣ ಕಡಲೆ’ ಎಂದರು. ಆಮೇಲೆ ಬೆರಳು ಮಡಚುತ್ತ ಎಚ್ಚರಿಕೆ ಹೇಳಿದರು. ‘ಬಾಯಲ್ಲಿ ನೊರೆ ಬಂದ್ರೆ, ಕುತ್ತಿಗೆ ತಿರುಚಿದ್ರೆ, ಕಾಲು ನಿಲ್ಲದೆ ಬಿದ್ರೆ, ರಿಯಾಕ್ಷನ್ ಅಂತ ತಿಳ್ಕೊಳ್ಳಿ. ಕೂಡ್ಲೆ ಹೇಳಿ ಕಳಿಸಿ.’

‘ಮುಳ್ಳಿಲಿಯಲ್ಲೂ ಹಾಗೇ ಆಗುತ್ತಾ?’

‘ಎತ್ತಿನಲ್ಲಿ ಹಾಗೆ. ಇದು ಎತ್ತಲ್ಲ ಅನ್ನೋದು ನನಗೂ ಕಾಣ್ತಿದೆ ಮೇಡಂ.’

ಅತ್ತೆ ಮರುದಿನ ಬೆಳಿಗ್ಗೆ ಬರುವವರಿದ್ದರು. ಅಷ್ಟರೊಳಗೆ ಸಾಹುಕಾರನನ್ನು ಅವರು ಕೊಟ್ಟದ್ದಕ್ಕಿಂತ ಚೆನ್ನಾಗಿ ಮಾಡಿ ಒಪ್ಪಿಸಬೇಕೆಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಕಟ್ಟೆಯ ಮೇಲೆ ಕೂತು, ಒಂದು ಸಾಧಾರಣ ಕಡಲೆಯನ್ನು ಪಕ್ಕದಲ್ಲಿಟ್ಟುಕೊಂಡು, ಅಷ್ಟೇ ಗಾತ್ರದ ಮುಲಾಮು ತೆಗೆದು ಅವನ ಬೆನ್ನಿಗೆ ಹಚ್ಚಿದೆ. ಮುಳ್ಳಿನ ನಡುವೆ ಚರ್ಮ ತಲುಪಬೇಕಲ್ಲ, ಬೆರಳಿನಲ್ಲೇ ತಿಕ್ಕಬೇಕಾಯಿತು. ಸಾಹುಕಾರ ಮೂತಿ ಹೊರಗೆ ಹಾಕಿ ನನ್ನ ಬೆರಳನ್ನು ಮೂಸಿದ. ಮೂಸಿ, ನೆಕ್ಕಿದ. ನೆಕ್ಕಿ, ಬಾಯಿ ಚಪ್ಪರಿಸತೊಡಗಿದ. ನೋಡನೋಡುತ್ತ ಬಾಯಿಯ ತುಂಬ ಬಿಳಿ ನೊರೆ ಬಂತು. ಕುತ್ತಿಗೆಯನ್ನು ಹಿಂದಕ್ಕೆ ತಿರುಚಿ, ತಿರುಚಿ, ಮೂತಿಯನ್ನು ಬೆನ್ನ ಮೇಲೆ ತಂದ. ಕಾಲುಗಳು ನಾಲ್ಕು ದಿಕ್ಕಿಗೆ ಜಾರಿ ಮಗ್ಗುಲಾಗಿ ಬಿದ್ದ. ಡಾಕ್ಟರು ಮಡಚಿದ ಬೆರಳುಗಳೆಲ್ಲ, ಅದೇ ಕ್ರಮದಲ್ಲಿ, ನನ್ನ ಕಣ್ಣೆದುರಿಗೆ ನಡೆದುಹೋದವು.

‘ಅವ್ವಾ, ರಿಯಾಕ್ಷನ್’ ಎಂದೆ.

ಅವ್ವ ಬಂದು ನೋಡಿ, ‘ವಿಷ ಏರೇತಿ, ತೊಳಿ ಮೊದ್ಲ’ ಎಂದಳು. ಬಿಸಿನೀರು, ಸೀಗೆಕಾಯಿ ಪುಡಿ ಬಂದವು. ತೊಳೆದೆವು. ಸಾಹುಕಾರ ಸೀಗೆಕಾಯಿಯನ್ನು ಮೂಸಿದ, ನೊರೆ ಇಮ್ಮಡಿಯಾಯಿತು. ‘ಇಳೀವಲ್ದು, ಏರಾಕತ್ತೈತಿ’ ಎಂದು ಅವ್ವ ಮಜ್ಜಿಗೆಯಲ್ಲಿ ಇಂಗು ಕದಡಿ ತಂದಳು. ಇಂಗು ಮೂಸಿದವನೇ ಮತ್ತೆ ಬಾಯಿ ಚಪ್ಪರಿಸಿ, ಕುತ್ತಿಗೆ ತಿರುಚಿ ಬಿದ್ದ. ಎಚ್ಚರ ತಪ್ಪಿದವರಿಗೆ ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ ಎಂದು ಉಳ್ಳಾಗಡ್ಡಿ ಜಜ್ಜಿ ಹಿಡಿದೆವು. ಅವನಿಗೆ ಎಚ್ಚರ ತಪ್ಪಿರಲೇ ಇಲ್ಲ. ಆದರೂ ನೊರೆ ಬಂತು. ನೀಲಗಿರಿ ಎಣ್ಣೆ ಸವರಿದೆವು, ನೊರೆ. ಅಪ್ಪ ತಮ್ಮ ತಲೆನೋವಿನ ಡಬ್ಬಿ ಹಿಡಿದು ಬಂದು, ‘ಇದನ್ನೊಂದೀಟು ನೋಡ್ರಿ’ ಎಂದರು, ನೊರೆ. ಕೊನೆಗೆ ಅವ್ವ ದೇವರ ಮುಂದಿನ ವಿಭೂತಿ ತಂದು ಅವನ ಹಣೆಗೆ ಹಚ್ಚಿ, ಅವನ ಹಣೆ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಮೂಗಿಗೂ ಹಚ್ಚಿದಳು. ಆಗ ಬಂದ ನೊರೆಯನ್ನು ನಾನು ಮರೆಯಲಾರೆ.

ಪ್ರಯೋಗವೆಂದರೇನು ಎಂದು ದಿನವೂ ಹುಡುಗಿಯರಿಗೆ ಹೇಳಿಕೊಡುವವಳು ನಾನು. ಆ ಸಂಜೆ ನಾನು ಒಂದರ ಹಿಂದೊಂದು ಪ್ರಯೋಗ ಮಾಡಿದೆ, ಎಲ್ಲದರಲ್ಲೂ ಒಂದೇ ಫಲಿತಾಂಶ ಬಂತು. ನಾನು ತೆಗೆದ ತೀರ್ಮಾನ ಮಾತ್ರ ಪ್ರತಿ ಸಲವೂ ‘ಇನ್ನೇನಾದರೂ ಕೊಡಬೇಕು’ ಎಂಬುದೇ ಆಗಿತ್ತು.

ಅಪ್ಪನನ್ನು ಸೈಕಲ್ಲಿನ ಮೇಲೆ ಅಟ್ಟಿ ಡಾಕ್ಟರನ್ನು ಕರೆಸಿದೆವು. ಅವರು ಆಸ್ಪತ್ರೆಯಿಂದ ನೇರ ಬಂದಿದ್ದರು, ಫಿನಾಯಿಲ್, ಎಮ್ಮೆ, ಸ್ಪಿರಿಟ್ ಎಲ್ಲದರ ಘಮ ಅವರ ಮೈಮೇಲಿತ್ತು. ಹೊತ್ತಿಗೆ ಸರಿಯಾಗಿ ಸಾಹುಕಾರ ಸುಸ್ತಾಗಿ ಸುಮ್ಮನೆ ಕೂತಿದ್ದ. ಡಾಕ್ಟರು, ‘ಈಗ ಪರವಾಗಿಲ್ಲವೇ’ ಎನ್ನುತ್ತ ಕೈ ಹತ್ತಿರ ತಂದರು. ಸಾಹುಕಾರ ಕೈ ಮೂಸಿದ. ನೊರೆ ಉಕ್ಕಿತು, ಕುತ್ತಿಗೆ ತಿರುಗಿತು, ಬಿದ್ದ.

ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡು ತುಸು ನೊಂದ ದನಿಯಲ್ಲಿ, ‘ನನ್ನನ್ನ ಕಂಡ್ರೂ ರಿಯಾಕ್ಷನ್ ಆಗ್ತಿದೆಯಲ್ಲ ಮೇಡಂ’ ಎಂದರು. ಇಂಜೆಕ್ಷನ್ ಕೊಡಲು ಜಾಗ ಹುಡುಕಿ ಬೆರಳಿಗೆ ಮುಳ್ಳು ಚುಚ್ಚಿಸಿಕೊಂಡರು. ‘ಇನ್ನ ಏನೂ ಕೊಡಬೇಡಿ. ಈ ಜಾತಿಗೆ ಔಷಧಿ ಅನ್ನೋದೇ ಆಗಿಬರೋದಿಲ್ಲ. ಬಿಟ್ಟುಬಿಡಿ, ಅದರ ಹಣೇಲಿ ಬರೆದ ಹಾಗೆ ಆಗುತ್ತೆ’ ಎಂದು ಬೆರಳನ್ನು ಚೀಪುತ್ತ ಹೊರಟರು. ಹಣೆ ತುಂಬ ವಿಭೂತಿಯಿದ್ದುದರಿಂದ ಅಲ್ಲೇನು ಬರೆದಿದೆಯೋ ಕಾಣುವಂತಿರಲಿಲ್ಲ.

ಅವನನ್ನು ಬುಟ್ಟಿಯಲ್ಲಿ ಮಲಗಿಸಿ ನಾನು ಕೋಣೆ ಸೇರಿದೆ. ಅತ್ತೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದೆ. ‘ಅತ್ತಿ, ಔಷಧಿ ನಾನೇ ಹಚ್ಚಿದೆ’ ಎಂದು ಶುರು ಮಾಡಿದರೆ ಮುಂದಿನ ವಾಕ್ಯ ಬರುತ್ತಿರಲಿಲ್ಲ.

ಬೆಳಿಗ್ಗೆ ಅತ್ತೆ ಬಂದರು. ಕೈಯಲ್ಲಿ ಶ್ರೀಶೈಲದ ಪ್ರಸಾದ, ಬಾಯಲ್ಲಿ ಎಲೆ ಅಡಿಕೆ ತಂಬಾಕು, ಸೀರೆಯಲ್ಲಿ ಕರ್ಪೂರ ಮತ್ತು ಬಸ್ಸಿನ ವಾಸನೆ. ಚಪ್ಪಲಿ ಬಿಡುತ್ತಲೇ, ‘ಎಲ್ಲಿ ನಮ್ಮ ಸಾವ್ಕಾರ?’ ಎಂದು ಬುಟ್ಟಿಯ ಮುಂದೆ ಕೂತು ಮುಚ್ಚಳ ತೆಗೆದರು. ನಾನು ಬಾಯಿ ತೆರೆಯುವ ಮೊದಲೇ ಸಾಹುಕಾರ ಎದ್ದು ಅವರ ಅಂಗೈ ಮೂಸಿದ. ನೊರೆ. ಕುತ್ತಿಗೆ. ಮಗ್ಗುಲು. ನಾನು ಕಣ್ಣು ಮುಚ್ಚಿಕೊಂಡೆ.

‘ನೋಡ್ರೆವ್ವ, ನೋಡ್ರಿ, ಇಭೂತಿ ಹಚ್ಕೊಳ್ಳಾಕತ್ತಾನ’ ಎಂದು ಅತ್ತೆಯ ದನಿ ಕೇಳಿಸಿತು. ಕಣ್ಣು ಬಿಟ್ಟೆ. ಅವರು ಮೊಮ್ಮಗನನ್ನು ಕಂಡವರಂತೆ ನಗುತ್ತಿದ್ದರು. ಸಾಹುಕಾರ ಬಾಯಿಯ ನೊರೆಯನ್ನು ನಾಲಿಗೆಯಿಂದ ಒಂದೊಂದು ಮುಳ್ಳಿಗೂ ಶ್ರದ್ಧೆಯಿಂದ ಬಳಿದುಕೊಳ್ಳುತ್ತಿದ್ದ. ಹಿಂದಿನ ಸಂಜೆಯೂ ಅವನು ಅದನ್ನೇ ಮಾಡಿದ್ದ, ನಾವು ನೊರೆಯನ್ನು ಕಂಡು ಅಲ್ಲಿಗೇ ನೋಡುವುದನ್ನು ನಿಲ್ಲಿಸಿದ್ದೆವು.

‘ಅಕ್ಕಾರ, ಇವ ಹಿಂಗ ಯಾವಾಗ್ಲೂ ಮಾಡ್ತಾನೇನ್ರಿ?’ ಎಂದು ಅವ್ವ ಮೆಲ್ಲಗೆ ಕೇಳಿದಳು.

‘ಹೊಸಾ ವಾಸನಿ ಬಂದ್ರ ಸಾಕು. ನನ್ನ ತಂಬಾಕ ಆಗ್ಲಿ, ಹೊಸಾ ಸೀರಿ ಆಗ್ಲಿ. ಬೀಗರು ಬಂದಾಗ ಅವರ ಚಪ್ಪಲಿ ಮೂಸಿ ಹಚ್ಕೊಂಡಾನ. ಭಾಳ ಭಕ್ತಿ ಅವನಿಗಿ.’

‘ನನಗ ಹೇಳಲಿಲ್ಲಲ್ಲ ಅತ್ತಿ’ ಎಂದೆ.

‘ಪ್ರಾಣಿ ಓದಿದಾಕಿಗಿ ನಾ ಏನಂತ ಹೇಳ್ಲಿ?’

‘ಮತ್ತ ಮುಳ್ಳು ಉದುರಿದ್ವು.’

‘ಹಳೇವು ಉದುರ್ತಾವು, ಹೊಸಾವು ಬರ್ತಾವು. ನಿನ್ನ ತಲಿಕೂದ್ಲ ಉದುರಂಗಿಲ್ಲೇನು?’ ಎಂದವರು ನನ್ನ ಕಡೆ ತಿರುಗಿ ದಿಟ್ಟಿಸಿದರು. ‘ಅದ್ಯಾಕ ಕೈ ಸೆರಗಿನಾಗ ಮುಚ್ಕೊಂಡು ನಿಂತಿ? ತೆಗಿ ನೋಡೋಣು.’

ತೆಗೆದೆ. ಬೆಳಗಿನ ಜಾವದಿಂದ ಕೈಗಳು ಉರಿಯುತ್ತಿದ್ದವು. ನಿಂತ ನಿಲುವಿನಲ್ಲಿ ಎಲ್ಲರೂ ನೋಡಿದರು: ಹತ್ತೂ ಬೆರಳು ಬಾತು ಕೆಂಪಗಾಗಿದ್ದವು, ಮೊಣಕೈವರೆಗೆ ಗುಳ್ಳೆಗಳು. ಕುರಿಯ ಮುಲಾಮಿಗೆ ರಿಯಾಕ್ಷನ್ ಆಗಿತ್ತು. ಆದದ್ದು ನನಗೆ.

ಅತ್ತೆ ನನ್ನನ್ನು ಮನುಷ್ಯರ ಡಾಕ್ಟರ ಬಳಿ ಕರೆದೊಯ್ದರು. ಆ ಡಾಕ್ಟರು ವಯಸ್ಸಾದವರು, ಕನ್ನಡಕ ಹಣೆಗೇರಿಸಿ, ಏನು ಹಚ್ಚಿದಿರಿ ಎಂದರು. ಮುಲಾಮು ಎಂದೆ. ಏತಕ್ಕೆ ಎಂದರು. ಚರ್ಮಕ್ಕೆ ಎಂದೆ. ಯಾರ ಚರ್ಮಕ್ಕೆ ಎಂದರು. ಇಲ್ಲಿಗೆ ಸಾಕು ಎಂಬಂತೆ ನಾನು ಸುಮ್ಮನಾದೆ. ಹಿಂದಿನಿಂದ ಅತ್ತೆ, ‘ಸಾವ್ಕಾರ್ದುರಿ’ ಎಂದರು. ‘ಯಾವ ಸಾಹುಕಾರರು?’ ‘ಬುಟ್ಟ್ಯಾಗಿನವ್ರು.’ ಆಮೇಲೆ ಅವ್ವನಿಂದ ಕೇಳಿಕೊಂಡಿದ್ದ ಎಲ್ಲವನ್ನೂ ವಿವರವಾಗಿ, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರಿಗೂ ಕೇಳುವಂತೆ ಹೇಳಿದರು. ಡಾಕ್ಟರು ನಗಲಿಲ್ಲ, ಅದೊಂದು ಉಪಕಾರ. ಕೈಗಳಿಗೆ ಬಿಳಿ ಔಷಧಿ ಸವರಿ, ಮೊಣಕೈವರೆಗೆ ಬಟ್ಟೆ ಸುತ್ತಿ, ವಾರದ ಮಟ್ಟಿಗೆ ಏನನ್ನೂ ಮುಟ್ಟಬೇಡಿ ಎಂದರು.

ಏನನ್ನೂ ಮುಟ್ಟಲಾರದವಳಿಗೆ ಕಾಲೇಜಿನಲ್ಲೇನು ಕೆಲಸ? ಅತ್ತೆ ಅವ್ವನಿಗೆ, ‘ಇಬ್ಬರನ್ನೂ ಕುರುಗೋಡಿಗಿ ಕರ್ಕೊಂಡು ಹೊಕ್ಕೀನಿ. ಅವಗೂ ನಾನ ಉಣಸ್ತೀನಿ, ಈಕಿಗೂ ನಾನ ಉಣಸ್ತೀನಿ’ ಎಂದರು. ಮಧ್ಯಾಹ್ನದ ಬಸ್ಸು ಕಿಕ್ಕಿರಿದಿತ್ತು. ಅತ್ತೆ ಹತ್ತಿದವರೇ ಕಥೆ ಶುರು ಮಾಡಿದರು. ನಾನು ಬೇಡವೆಂದು ಕಣ್ಸನ್ನೆ ಮಾಡಿದ್ದನ್ನು ನೋವೆಂದು ತಿಳಿದು ಇನ್ನಷ್ಟು ಮರುಗಿ ಹೇಳಿದರು. ನೊರೆ, ಇಂಗು, ವಿಭೂತಿ, ದನದ ಡಾಕ್ಟರು, ಗುಳ್ಳೆ, ಯಾವುದನ್ನೂ ಬಿಡಲಿಲ್ಲ. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಮರೆತು ನಿಂತ.

ಹಿಂದಿನ ಸೀಟಿನ ಗಂಡಸೊಬ್ಬ, ‘ಅಷ್ಟು ಓದಿದಾಕಿ ಅಂತೀರಿ, ಹಿಂಗ ಮಾಡ್ಕೋಬೇಕೇನ್ರಿ?’ ಎಂದ. ನಾನು ತಲೆ ತಗ್ಗಿಸಿದೆ. ಇದೇ ಮಾತನ್ನು ಅತ್ತೆಯ ಬಾಯಿಂದ ಕೇಳುವ ಭಯದಲ್ಲಿ ನಾನು ಇಡೀ ರಾತ್ರಿ ಕಳೆದಿದ್ದೆ.

ಅತ್ತೆ ಅವನ ಕಡೆ ಪೂರ್ತಿ ತಿರುಗಿ ನಿಂತರು. ‘ಏನು ತಪ್ಪಾತು? ಪ್ರಾಣಿ ಕೊಟ್ಟಿದ್ದೆ, ಹೆಂಗ ಕೊಟ್ಟಿದ್ದೆ ಹಂಗ ವಾಪಸ್ ಕೊಟ್ಟಾಳ. ಆಕಿ ಓದಿದ್ದು ಪ್ರಾಣೀನ. ತನ್ನನ್ನ ತಾ ನೋಡ್ಕೊಳ್ಳಾಕ ಬರಂಗಿಲ್ಲ, ಖರೆ. ಅದನ್ನ ಧಾರವಾಡದಾಗ ಕಲಿಸಿಲ್ಲ, ಆಕಿ ಏನು ಮಾಡ್ಬೇಕು?’

ನನಗೆ ಎದೆ ಹಗುರಾಯಿತು, ಕಣ್ಣಲ್ಲಿ ನೀರೂ ಬಂತು, ಒರೆಸಿಕೊಳ್ಳಲು ಕೈಗಳಿರಲಿಲ್ಲ. ಕಂಡಕ್ಟರನಿಗೂ ಮನಸ್ಸು ಕರಗಿರಬೇಕು. ‘ಪಾಪ, ಪೇಶಂಟ್ ಅದಾರ, ಯಾರಾರ ಎದ್ದು ಜಾಗಾ ಕೊಡ್ರಿ’ ಎಂದು ಕೂಗಿದ. ಕಿಟಕಿಯ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಮರುಮಾತಿಲ್ಲದೆ ಎದ್ದು ನಿಂತಳು. ಅತ್ತೆ ಅವಳಿಗೆ ‘ಪುಣ್ಯ ಬರ್ತೈತಿ ನಿನಗ’ ಎಂದು ಹೇಳಿ, ಸೀಟಿನ ಮೇಲೆ ಬುಟ್ಟಿಯನ್ನಿಟ್ಟು, ಗಾಳಿ ಆಡಲೆಂದು ಮುಚ್ಚಳವನ್ನು ಸ್ವಲ್ಪ ಸರಿಸಿದರು. ಕುರುಗೋಡು ಬರುವತನಕ ಸಾಹುಕಾರ ಕೂತು ಬಂದ. ಕಂಬಿ ಹಿಡಿಯಲಾಗದ ನಾನು ಬಸ್ಸು ಕುಲುಕಿದಾಗಲೆಲ್ಲ ಒಮ್ಮೆ ಅತ್ತೆಯ ಮೇಲೆ, ಒಮ್ಮೆ ಆ ಮುದುಕಿಯ ಮೇಲೆ ಬೀಳುತ್ತ ನಿಂತು ಹೋದೆ.